ಈವ್ ಆನ್‌ಲೈನ್‌ನಲ್ಲಿ ಫ್ಲೀಟ್ ನಡೆಸೋದು ಹೆಂಗೆ: ಹೊಸ ಎಫ್‌ಸಿಗಳಿಗೆ, ಅನ್‌ಡಾಕ್‌ನಿಂದ ವಾಪಸ್ ಡಾಕ್ ಆಗೋವರೆಗೂ

ಈವ್ ಬಾಹ್ಯಾಕಾಶದ ಆನ್‌ಲೈನ್ ಆಟ. ಒಟ್ಟಿಗೆ ಹಾರೋ ಶಿಪ್‌ಗಳ ಗುಂಪೇ ಫ್ಲೀಟ್, ಅದನ್ನ ನಡೆಸೋನು ಎಫ್‌ಸಿ, ಅಂದ್ರೆ ಫ್ಲೀಟ್ ಕಮಾಂಡರ್. ಸ್ಟೇಷನ್‌ನಿಂದ ಹೊರಡೋದು ಅನ್‌ಡಾಕ್, ವಾಪಸ್ ಒಳಗೆ ಹೋಗೋದು ಡಾಕ್. ನಾನು ಮೊದಲ್ನೇ ಸಲ ಫ್ಲೀಟ್ ನಡೆಸಿದಾಗ 14 ಜನ ಇದ್ವಿ, ಮಿಸೈಲ್ ಹಾರಿಸೋ ಕ್ಯಾರಕಲ್ 11, ಬೇರೆಯವರ ಶೀಲ್ಡ್ ತುಂಬೋ ಆಸ್ಪ್ರೇ 3, ಎಲ್ಲ ಸೋವಿ ಶಿಪ್‌ಗಳೇ. ಲೋಸೆಕ್‌ನಲ್ಲಿ, ಅಂದ್ರೆ ಕಾವಲು ಕಮ್ಮಿ ಇರೋ ಜಾಗದಲ್ಲಿ, ಪಕ್ಕದ ಸಿಸ್ಟಮ್‌ಗೆ (ನಕ್ಷತ್ರ ಮಂಡಲಕ್ಕೆ) ದಾಟಿಸೋ ಒಂದು ಗೇಟ್ ಮೇಲೆ ಕೂತಿದ್ವಿ, ಹಂಗೆ ದಾಟೋದಕ್ಕೇ ಜಂಪ್ ಅನ್ನೋದು. ಆ ಕಡೆ ಇಣುಕೋಕೆ ಹೋಗಿದ್ದ ಸ್ಕೌಟು "ಗುರು, ಇಲ್ಲಿ 25 ಜನ ಕಾಯ್ತಾ ಕೂತವ್ರೆ" ಅಂದ, ನಾನು ಗಾಬರಿಲಿ ಮೈಕ್ ಒತ್ತಿ "ಜಂಪ್ ಮಾಡ್ಬೇಡಿ, ಯಾರೂ ಜಂಪ್ ಮಾಡ್ಬೇಡಿ" ಅಂತ ಕೂಗಿದೆ. 5 ಜನ ಜಂಪ್ ಮಾಡಿದ್ರು. ಐದರಲ್ಲಿ ಒಂದು ಶಿಪ್ಪೂ ವಾಪಸ್ ಬರ್ಲಿಲ್ಲ.

ಬೈಯೋಣ ಅಂತ ಬಾಯಿ ತೆಗೆದೋನು ಸುಮ್ನಾದೆ, ಯಾಕಂದ್ರೆ ತಪ್ಪು ನಂದೇ. ಕನ್ನಡದಲ್ಲಿ ಬೇಡ ಅನ್ನೋದು ಮಾತಿನ ಬಾಲದಲ್ಲಿ ಬರುತ್ತೆ. "ಜಂಪ್" ಅಂತ ಕಿವಿಗೆ ಬಿದ್ದ ತಕ್ಷಣ ಬೆರಳು ಬಟನ್ ಮೇಲೆ ಹೋಗಿರುತ್ತೆ, "ಬೇಡಿ" ಬರೋಷ್ಟೊತ್ತಿಗೆ ಶಿಪ್ಪು ಪಕ್ಕದ ಸಿಸ್ಟಮ್‌ನಲ್ಲಿರುತ್ತೆ. ಅವತ್ತಿಂದ ನಮ್ಮ ಗುಂಪಲ್ಲಿ ಒಂದು ಕಟ್ಟುನಿಟ್ಟು: ನಿಜವಾಗ್ಲೂ ಜಂಪ್ ಮಾಡ್ಬೇಕಾದಾಗ ಬಿಟ್ರೆ ಎಫ್‌ಸಿ ಬಾಯಲ್ಲಿ ಆ ಪದಾನೇ ಬರಬಾರದು. ಬೇಡ ಅನ್ನೋಕೆ "ನಿಲ್ಲಿ". ಅಷ್ಟೇ, ಒಂದೇ ಪದ.

ಈ ಮಾರ್ಗದರ್ಶಿ 10ರಿಂದ 30 ಜನರ ಫ್ಲೀಟ್ ನಡೆಸೋಕೆ ಶುರು ಮಾಡೋರಿಗೆ. ಒಂದು ಫ್ಲೀಟಿಗೆ 256 ಜನರ ತನಕ ಸೇರಿಸ್ಬಹುದು, ಆದ್ರೆ ಅಷ್ಟು ಜನರನ್ನ ನಡೆಸೋರು ನನ್ನಂಥೋನ ಮಾತು ಓದೋ ಹಂತದಲ್ಲಿ ಇರಲ್ಲ ಬಿಡಿ.

ಆಟ ಗೊತ್ತಿಲ್ದೋರಿಗೆ ಎರಡು ಮಾತು

ಐಸ್‌ಲ್ಯಾಂಡಿನ ರೆಕ್ಯಾವಿಕ್‌ನಲ್ಲಿರೋ ಸಿಸಿಪಿ ಗೇಮ್ಸ್ 2003ರಲ್ಲಿ ಬಿಟ್ಟ ಬಾಹ್ಯಾಕಾಶದ ಆಟ ಇದು. ಚೀನಾದೋರಿಗೆ ಬೇರೆ ಸರ್ವರ್ ಇದೆ, ಉಳಿದ ಇಡೀ ಪ್ರಪಂಚ ಒಂದೇ ಸರ್ವರ್‌ನಲ್ಲಿ ಆಡುತ್ತೆ. ಅದರ ಹೆಸರು ಟ್ರ್ಯಾಂಕ್ವಿಲಿಟಿ, ಇರೋದು ಲಂಡನ್‌ನಲ್ಲಿ. ಶಿಪ್ ಒಡೆದ್ರೆ ಹೋಯ್ತು, ಮತ್ತೆ ಕಾಸು ಕೊಟ್ಟು ತಗೋಬೇಕು, ಅದಕ್ಕೇ ಇಲ್ಲಿ ಜಗಳ ಅಂದ್ರೆ ಕೈ ನಡುಗೋದು.

ಬೆಂಗಳೂರಿಂದ ಲಂಡನ್ ಸರ್ವರ್‌ಗೆ ಪಿಂಗ್ ಜಾಸ್ತಿ ಅಲ್ವಾ ಅಂತ ಸುಮಾರು ಜನ ಕೇಳ್ತಾರೆ. ಜಾಸ್ತೀನೇ, ಆದ್ರೆ ಇಲ್ಲಿ ಅದು ಅಷ್ಟಾಗಿ ತೊಂದರೆ ಕೊಡಲ್ಲ. ಈವ್ ಸರ್ವರ್ ಲೆಕ್ಕ ಹಾಕೋದು ಸೆಕೆಂಡಿಗೊಂದ್ ಸಲ, ಅದಕ್ಕೆ ಟಿಕ್ ಅಂತಾರೆ. ನೀವು ಒತ್ತಿದ್ದು ಆ ಸೆಕೆಂಡಿನೊಳಗೆ ತಲುಪಿದ್ರೆ ಸಾಕು. ಶೂಟಿಂಗ್ ಗೇಮ್‌ಗಳಲ್ಲಿ ಪಿಂಗ್‌ನಿಂದ ಸಾಯೋ ನಮ್ಮ ಹುಡುಗರಿಗೆ ಇದು ವರ. ಇಲ್ಲಿ ಗೆಲ್ಲಿಸೋದು ಬೆರಳಿನ ಸ್ಪೀಡಲ್ಲ, ತೀರ್ಮಾನದ ಸ್ಪೀಡು.

ಹಂತ 1: ಅನ್‌ಡಾಕ್ ಆಗೋಕೆ ಮುಂಚೆ

ಯುದ್ಧಕಾಲೇ ಶಸ್ತ್ರಾಭ್ಯಾಸ ಅಂತಾರಲ್ಲ, ಸೋತು ಬರೋ ಫ್ಲೀಟ್‌ಗಳಲ್ಲಿ ಮುಕ್ಕಾಲು ಪಾಲು ಅದೇ ಕೇಸು. ಜನ ಸೇರಿದ್ರು ಅಂತ "ಏನ್ ಇದ್ಯೋ ತಗೊಂಡ್ ಬನ್ನಿ" ಅಂದುಬಿಟ್ರೆ ಒಬ್ಬ ಶೀಲ್ಡ್ ನಂಬಿದ ಶಿಪ್ ತರ್ತಾನೆ, ಇನ್ನೊಬ್ಬ ಆರ್ಮರ್ (ಲೋಹದ ಕವಚ) ನಂಬಿದ್ದು, ಒಬ್ಬಂದು 15 ಕಿಮೀ ರೇಂಜು, ಇನ್ನೊಬ್ಬಂದು 80. ಊರಿಗೊಂದು ದಾರಿಯಾದ್ರೆ ಪೋರಂಗೊಂದು ದಾರಿ. ಶೀಲ್ಡ್ ತುಂಬೋ ಆಸ್ಪ್ರೇ ಪಕ್ಕದಲ್ಲೇ ಇದ್ರೂ ಆರ್ಮರ್ ಶಿಪ್‌ನೋನು ಸಾಯ್ತಾನೆ.

ಅದಕ್ಕೇ ಡಾಕ್ಟ್ರಿನ್. ಎಲ್ಲರದ್ದೂ ಒಂದೇ ಶಿಪ್ಪು, ಒಂದೇ ಫಿಟ್ಟು (ಶಿಪ್‌ಗೆ ಹಾಕೋ ಸಾಮಾನು), ಒಂದೇ ರೇಂಜು, ಒಂದೇ ಸ್ಪೀಡು. ಹೊಸಬರಿಗೆ ನಾನು ಹೇಳೋದು ಕ್ಯಾರಕಲ್ ಜೊತೆ ಆಸ್ಪ್ರೇ. ಕಾಸು ಕಟ್ಟದೆ ಆಡೋ ಆಲ್ಫಾಗಳೂ ಎರಡನ್ನೂ ಹಾರಿಸ್ಬಹುದು, ಒಡೆದ್ರೂ ಹೊಟ್ಟೆ ಉರಿಯಲ್ಲ, ಸ್ಕಿಲ್ ಪೂರ್ತಿ ಇದ್ರೆ ಲೈಟ್ ಮಿಸೈಲ್ 60 ಕಿಮೀ ಆಸುಪಾಸು ಹೋಗುತ್ತೆ. ಒಂದೇ ಕಿರಿಕಿರಿ, ರ‍್ಯಾಪಿಡ್ ಲೈಟ್ ಲಾಂಚರ್ ಹಾಕಿದ್ರೆ ಗುಂಡು ಖಾಲಿ ಆದ್ಮೇಲೆ ರೀಲೋಡ್‌ಗೆ 35 ಸೆಕೆಂಡ್ ತಗೊಳ್ಳುತ್ತೆ. ಆ 35 ಸೆಕೆಂಡು ನಿಮ್ಮ ಫ್ಲೀಟು ಹಲ್ಲಿಲ್ಲದ ಹಾವು. ಎಲ್ಲರೂ ಒಟ್ಟಿಗೆ ಶುರು ಮಾಡಿದ್ರೆ ಎಲ್ಲರದ್ದೂ ಒಟ್ಟಿಗೇ ಖಾಲಿ ಆಗುತ್ತೆ, ಎಫ್‌ಸಿ ಇದನ್ನ ಲೆಕ್ಕದಲ್ಲಿ ಇಟ್ಕೊಂಡೇ ಜಗಳಕ್ಕಿಳಿಬೇಕು.

ಒಂದು ಚೀಟಿ ಮಾಡ್ಕೊಳ್ಳಿ, ಪೇಪರ್ ಚೀಟಿನೇ, ಮಾನಿಟರ್ ಕೆಳಗೆ ಅಂಟಿಸಿ. ನಮ್ಮ ರೇಂಜ್ ಎಷ್ಟು, ಸ್ಪೀಡ್ ಎಷ್ಟು, ಅಲೈನ್ ಆಗೋಕೆ (ಹೋಗೋ ದಿಕ್ಕಿಗೆ ತಿರುಗಿ ಸ್ಪೀಡ್ ಹಿಡಿಯೋಕೆ) ಎಷ್ಟು ಸೆಕೆಂಡ್ ಬೇಕು, ನಮ್ಮ ಟ್ಯಾಂಕ್ (ಏಟು ತಡೆಯೋ ಶಕ್ತಿ) ಯಾವ ಡ್ಯಾಮೇಜ್‌ಗೆ ವೀಕು. ಜಗಳದ ಮಧ್ಯ ಇದನ್ನೆಲ್ಲ ನೆನಪು ಮಾಡ್ಕೊಳ್ಳೋಕೆ ಆಗಲ್ಲ, ತಲೆ ಖಾಲಿ ಆಗಿರುತ್ತೆ.

ಆಮೇಲೆ ಕೆಲಸ ಹಂಚಿ. ಸ್ಕೌಟ್ ಒಬ್ಬ, ಯಾವಾಗ್ಲೂ ಒಂದು ಸಿಸ್ಟಮ್ ಮುಂದೆ ಇರೋನು. ಟ್ಯಾಕಲ್ ಮಾಡೋಕೆ (ಶತ್ರು ಓಡಿ ಹೋಗ್ದಂಗೆ ಹಿಡಿಯೋಕೆ) ಇಬ್ಬರು ಚುರುಕು ಹುಡುಗರು. ಲಾಜಿಗಳಿಗೆ (ಆಸ್ಪ್ರೇ ಥರ ಬೇರೆಯವರ ಶಿಪ್ ರಿಪೇರಿ ಮಾಡೋರಿಗೆ) ಅಂತ ಅವರದೇ ಒಬ್ಬ ಲೀಡರ್ ಇರ್ಬೇಕು, ಅವರ ಮಾತಿಗೆ ಬೇರೆ ಚಾನೆಲ್ ಇದ್ರೆ ಇನ್ನೂ ಒಳ್ಳೇದು. ಎಲ್ಲಕ್ಕಿಂತ ಮುಖ್ಯ ಬ್ಯಾಕಪ್ ಎಫ್‌ಸಿ. ನಮ್ಮಲ್ಲಿ ಇದನ್ನ ಕೇಳಿ ನಗೋರು ಇದ್ರು, ಒಂದಿನ ಜಗಳದ ನಟ್ಟನಡುವೆ ನಮ್ಮನೆ ಕರೆಂಟ್ ಹೋಯ್ತು. ಯುಪಿಎಸ್ ಬ್ಯಾಟರಿ ಸತ್ತು ಹೋಗಿದ್ದು ಆಗ್ಲೇ ಗೊತ್ತಾಗಿದ್ದು. ಮೊಬೈಲ್‌ನಲ್ಲಿ ಡಿಸ್ಕಾರ್ಡ್ ಓಪನ್ ಮಾಡಿ ಕೇಳಿಸ್ಕೊಂಡ್ರೆ 20 ಜನ "ಎಫ್‌ಸಿ ಎಲ್ಲಿ, ಈಗೇನ್ ಮಾಡೋಣ" ಅಂತ ಒಬ್ಬರ ಮೇಲೊಬ್ಬರು ಮಾತಾಡ್ತಾ ಒಬ್ಬೊಬ್ಬರಾಗೇ ಒಡೀತಾ ಇದ್ರು. ಬ್ಯಾಕಪ್ ಯಾರು ಅಂತ ಅನ್‌ಡಾಕ್ ಆಗೋಕೆ ಮುಂಚೆ ಹೆಸರಿಟ್ಟು ಹೇಳಿ. ಎದುರಾಳಿಗಳೂ ಎಫ್‌ಸಿ ಯಾರು ಅಂತ ಹುಡುಕಿ ಮೊದಲು ಅವನನ್ನೇ ಹೊಡಿಯೋದು, ಕರೆಂಟ್ ಇದ್ರೂ ನೀವು ಉಳೀತೀರಿ ಅನ್ನೋ ಗ್ಯಾರಂಟಿ ಇಲ್ಲ.

ಟೈಮ್ ವಿಷ್ಯ. ದಿನಾ ನಮ್ಮ ಸಂಜೆ 4:30ಕ್ಕೆ ಸರ್ವರ್ ಸ್ವಲ್ಪ ಹೊತ್ತು ಬಂದ್ ಆಗುತ್ತೆ, ಆ ಹೊತ್ತಿಗೆ ರೋಮ್ (ಜಗಳ ಹುಡುಕ್ಕೊಂಡು ಸುತ್ತೋ ಸವಾರಿ) ಇಟ್ಕೋಬೇಡಿ. ಯೂರೋಪಿನ ಜನ ಜೋರಾಗಿ ಆಡೋದು ನಮ್ಗೆ ರಾತ್ರಿ 11:30 ದಾಟಿದ್ಮೇಲೆ. ಪಕ್ಕದ ರೂಮಲ್ಲಿ ಅಮ್ಮ ಮಲಗಿರ್ತಾರೆ, ಪಿಸುಮಾತಲ್ಲಿ ಯುದ್ಧ ನಡೆಸ್ಬೇಕು. ತಮಾಷೆ ಅಂದ್ರೆ ಇದು ನನ್ನ ಕಮಾಂಡ್‌ನ ಸುಧಾರಿಸ್ತು, ಕೂಗೋ ಎಫ್‌ಸಿಗಿಂತ ಮೆಲ್ಲಗೆ ಮಾತಾಡೋ ಎಫ್‌ಸಿ ಮಾತನ್ನ ಜನ ಕಿವಿಗೊಟ್ಟು ಕೇಳ್ತಾರೆ.

ಹಂತ 2: ಮಾತು

ಇದ್ರ ಮೇಲೆ ಯಾರೂ ಸರಿಯಾಗಿ ಬರ್ದಿಲ್ಲ ಅಂತ ನನ್ನ ತಕರಾರು, ಅದೂ ಕನ್ನಡದಲ್ಲಿ ಕಮಾಂಡ್ ಕೊಡೋರಿಗೆ.

ನಮ್ಮ ಭಾಷೆಲಿ ಕ್ರಿಯಾಪದ ಕೊನೆಗೆ ಬರುತ್ತೆ. "ಆ ಎಡಗಡೆ ಇರೋ ಮೂರನೇ ಪ್ಲಾನೆಟ್ ಕಡೆಗೆ ಎಲ್ರೂ ಅಲೈನ್ ಆಗಿ" ಅಂದ್ರೆ ಏನ್ ಮಾಡ್ಬೇಕು ಅಂತ ತಿಳಿಯೋಕೆ ವಾಕ್ಯ ಮುಗಿಯೋವರೆಗೂ ಕಾಯ್ಬೇಕು, ನಾಲ್ಕು ಟಿಕ್ ಹೋಯ್ತು. ತಿರುಗಿಸಿ ಹೇಳಿ: "ಅಲೈನ್. ಪ್ಲಾನೆಟ್ ಮೂರು." ಮೊದಲು ಕೆಲಸ, ಆಮೇಲೆ ಜಾಗ. ಮನೇಲಿ ಹಿಂಗೆ ಮಾತಾಡಿದ್ರೆ ಏನಾಯ್ತಪ್ಪಾ ಇವನಿಗೆ ಅಂತಾರೆ, ಫ್ಲೀಟಲ್ಲಿ ಮಾತ್ರ ಇದೇ ಸರಿ.

ಮರ್ಯಾದೆ ಇನ್ನೊಂದು ತಲೆನೋವು. ನಮ್ಮ ಗುಂಪಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದಾರೆ, ರಿಟೈರ್ ಆಗೋಕೆ ಹತ್ರ ಬಂದೋರು, ಲಾಜಿ ಹಾರಿಸೋದ್ರಲ್ಲಿ ಎತ್ತಿದ ಕೈ. ಶುರುವಲ್ಲಿ ನಾನು ಅವರಿಗೆ "ಸರ್ ಸ್ವಲ್ಪ ಹಿಂದೆ ಬರ್ತೀರಾ ಸರ್" ಅಂತಿದ್ದೆ. ಅವರೇ ಒಂದಿನ ಬೈದ್ರು, "ತಮ್ಮಾ, ನೀ ಸರ್ ಅನ್ನೂದರಾಗ ನನ್ನ ಶಿಪ್ ಸುಟ್ಟ್ ಹೋಗ್ತದ, ಬಾ ಅಂದ್ರ ಬರ್ತೀನಿ" ಅಂತ. ಈಗ ಒಂದು ಒಪ್ಪಂದ ಇದೆ, ಎಫ್‌ಸಿ "ಕಾಮ್ಸ್" ಅಂದ ಮೇಲೆ ಅಣ್ಣ ಇಲ್ಲ, ಸರ್ ಇಲ್ಲ, ಮಗಾ ಇಲ್ಲ, ಬರೀ ಶಿಪ್ ಹೆಸರು ಮತ್ತೆ ಕೆಲಸ. ಡಾಕ್ ಆದ ತಕ್ಷಣ ಮತ್ತೆ ಸರ್.

ಪದಗಳನ್ನ ಮುಂಚೇನೇ ಗಟ್ಟಿ ಮಾಡ್ಕೊಳ್ಳಿ. ನಾವು ಬಳಸೋದು: "ನಿಲ್ಲಿ" ಅಂದ್ರೆ ಎಲ್ಲಿದ್ದೀರೋ ಅಲ್ಲೇ, ಏನೂ ಒತ್ತಬೇಡಿ. "ಜಂಪ್ ಜಂಪ್ ಜಂಪ್" ಮೂರು ಸಲ, ಒಂದ್ ಸಲ ಅಂದ್ರೆ ಲೆಕ್ಕಕ್ಕಿಲ್ಲ. "ಕಾಮ್ಸ್" ಅಂದ್ರೆ ಎಫ್‌ಸಿ, ಸ್ಕೌಟ್, ಲಾಜಿ ಲೀಡರ್ ಬಿಟ್ಟು ಎಲ್ಲರೂ ಬಾಯಿ ಮುಚ್ಚೋದು. "ಹೊರಗೆ" ಅಂದ್ರೆ ಅಲೈನ್ ಆಗಿರೋ ಕಡೆ ವಾರ್ಪ್ (ಸಿಸ್ಟಮ್ ಒಳಗೇ ದೂರಕ್ಕೆ ಚಿಮ್ಮೋದು), ಕಾರಣ ಆಮೇಲೆ ಹೇಳ್ತೀನಿ. ನಾಲ್ಕೈದು ಪದ ಸಾಕು. ಹೆಚ್ಚಾದ್ರೆ ಯಾರಿಗೂ ನೆನಪಿರಲ್ಲ.

ಪದ ಒಂದು, ಬಟನ್ ಇನ್ನೊಂದು ಆದ್ರೆ ಏನಾಗುತ್ತೆ ಅನ್ನೋಕೆ ಈವ್ ಚರಿತ್ರೆಲೇ ಭಾರೀ ಉದಾಹರಣೆ ಇದೆ, 2013ರ ಜನವರಿಲಿ ಅಸಾಕೈ ಅನ್ನೋ ಲೋಸೆಕ್ ಸಿಸ್ಟಮ್‌ನಲ್ಲಿ ಆಗಿದ್ದು. ಟೈಟನ್ ಅನ್ನೋ ದೈತ್ಯ ಶಿಪ್ಪು ತಾನು ಇದ್ದಲ್ಲೇ ಇದ್ದು ಬೇರೆಯವರನ್ನ ಮುಂದಕ್ಕೆ ಕಳಿಸೋಕೆ ಬ್ರಿಡ್ಜ್ ತೆಗೀಬಹುದು, ಬೇಕಂದ್ರೆ ತಾನೇ ಜಂಪ್ ಕೂಡ ಮಾಡ್ಬಹುದು. ಪೈಲಟ್ ಬ್ರಿಡ್ಜ್ ಒತ್ತೋ ಬದ್ಲು ಜಂಪ್ ಒತ್ತಿಬಿಟ್ಟ. ಒಂಟಿ ಟೈಟನ್ ಶತ್ರುಗಳ ಮಧ್ಯ ಹೋಗಿ ಬಿತ್ತು, ಸುದ್ದಿ ಹಬ್ಬಿತು, ಎರಡೂ ಕಡೆಯಿಂದ ಸುಮಾರು 2,800 ಜನ ಬಂದು ತುಂಬಿಕೊಂಡ್ರು. ನನ್ನ 5 ಕ್ಯಾರಕಲ್ ಅದರ ಮುಂದೆ ಕಡ್ಲೆಪುರಿ.

ಹಂತ 3: ದಾರಿಲಿ

ಬೇಗ ಹೇಳಿ ಮುಗಿಸ್ತೀನಿ. ಸ್ಕೌಟ್ ಮುಂದಿನ ಸಿಸ್ಟಮ್‌ನಲ್ಲಿ, ಫ್ಲೀಟ್ ಗೇಟ್ ಮೇಲೆ, ಸ್ಕೌಟ್ ಮಾತು ಬರೋ ತನಕ ನಿಲ್ಲೋದು. ಎಲ್ಲರನ್ನೂ ಒಟ್ಟಿಗೆ ಕರ್ಕೊಂಡ್ ಹೋಗೋಕೆ ಫ್ಲೀಟ್ ವಾರ್ಪ್ ಬಳಸಿ, ಒಬ್ಬೊಬ್ರೇ ಬಂದ್ರೆ ಒಬ್ಬೊಬ್ರೇ ಸಾಯ್ತಾರೆ. ಸ್ಕೌಟ್‌ಗೆ ಹೇಳ್ಕೊಡಬೇಕಾಗಿದ್ದು ವರದಿ ಒಪ್ಪಿಸೋ ರೀತಿ. "ತುಂಬಾ ಜನ ಇದಾರೆ" ಅಂದ್ರೆ ಏನೂ ಹೇಳಿದಂಗಲ್ಲ. ಲೋಕಲ್‌ನಲ್ಲಿ (ಸಿಸ್ಟಮ್‌ನಲ್ಲಿರೋರ ಪಟ್ಟಿಲಿ) ಎಷ್ಟು ಜನ, ಗೇಟ್ ಮೇಲೆ ಎಷ್ಟು, ಯಾವ ಶಿಪ್ಪು, ಲಾಜಿ ಎಷ್ಟು. ಕಣ್ಣಿಗೆ ಕಾಣ್ದೇ ಇರೋದನ್ನ ಡಿ-ಸ್ಕ್ಯಾನ್ ಹೇಳುತ್ತೆ, ಅದು 14 ಎಯು (ಭೂಮಿಯಿಂದ ಸೂರ್ಯನ ದೂರ ಒಂದು ಎಯು) ಚಿಲ್ಲರೆ ದೂರದವರೆಗೂ ಇರೋ ಶಿಪ್‌ಗಳನ್ನ ತೋರಿಸುತ್ತೆ.

ಹಂತ 4: ಹೊಡೆದಾಡಬೇಕಾ ಬೇಡ್ವಾ

ಎಫ್‌ಸಿ ಕೆಲಸ ಅಂದ್ರೆ ಟಾರ್ಗೆಟ್ ಹೆಸರು ಕೂಗೋದು ಅಂತ ಎಲ್ರೂ ಅಂದ್ಕೊಂಡಿರ್ತಾರೆ. ಅದನ್ನ ಹೇಳ್ಕೊಟ್ರೆ ಎರಡು ವಾರದಲ್ಲಿ ಯಾರ್ ಬೇಕಾದ್ರೂ ಮಾಡ್ತಾರೆ. ನಿಜವಾದ ಕೆಲಸ ಈ ಹಂತದಲ್ಲಿದೆ, ಇಲ್ಲಿ ನಿಮ್ಗೆ ಸಿಗೋದು ಹೆಚ್ಚಂದ್ರೆ ಒಂದು ನಿಮಿಷ.

ಒಂದು ನಿಮಿಷ ಅಂದಿದ್ದು ಸುಮ್ನೆ ಮಾತಿಗಲ್ಲ. ಗೇಟ್ ದಾಟಿದ್ಮೇಲೆ 60 ಸೆಕೆಂಡು ನಿಮ್ಮ ಶಿಪ್ಪು ಯಾರಿಗೂ ಕಾಣಲ್ಲ, ಅಲ್ಲಾಡದೆ ಇದ್ರೆ ಮಾತ್ರ. ಗೇಟಿಂದ ಸುಮಾರು 12 ಕಿಮೀ ದೂರದಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಅಂತ ಬಿದ್ದಿರ್ತೀರಿ. ವಾಪಸ್ ಹೋಗ್ಬೇಕು ಅಂದ್ರೆ ಗೇಟ್‌ನ 2,500 ಮೀಟರ್ ಒಳಗೆ ಓಡ್ಬೇಕು. ಯಾರಿಗಾದ್ರೂ ಹೊಡೆದ್ರೋ, ಆಮೇಲೆ 60 ಸೆಕೆಂಡ್ ಗೇಟು ನಿಮ್ಮನ್ನ ಒಳಗೆ ಬಿಡಲ್ಲ. ಅಂದ್ರೆ ಗೇಟ್ ಮೇಲೆ ನಿಂತಿರೋ ಶತ್ರು ಆಗ್ಲೇ ಹೊಡೀತಾ ಇದ್ರೆ ಅವನೂ ಒಂದು ನಿಮಿಷ ಓಡಿ ಹೋಗೋ ಹಂಗಿಲ್ಲ. ಇಡೀ ಆಟದಲ್ಲಿ ನನಗೆ ತುಂಬಾ ಇಷ್ಟ ಆಗೋ ನಿಯಮ ಇದು.

ಒಂದು ಜಗಳ ಸೆಕೆಂಡ್ ಸೆಕೆಂಡಾಗಿ ಹೇಳ್ತೀನಿ. ನಾವು 16, ಕ್ಯಾರಕಲ್ ಮತ್ತೆ ಆಸ್ಪ್ರೇ. ಆ ಕಡೆ ಗೇಟ್ ಮೇಲೆ 14 ಜನ, ಆಗ್ಲೇ ನಮ್ಮ ಸ್ಕೌಟ್‌ನ ಹೊಡೆದು ಆ 60 ಸೆಕೆಂಡಿನ ಟೈಮರ್ ಹಚ್ಕೊಂಡಿದ್ರು. ಲೋಸೆಕ್‌ನಲ್ಲಿ ಗೇಟ್ ಹತ್ರ ಮೊದಲು ಕೈ ಎತ್ತಿದವನ ಮೇಲೆ ಗೇಟ್ ಗನ್ ಬೀಳುತ್ತೆ, ಅವ್ರು ಮೊದಲೇ ಕೈ ಎತ್ತಿದ್ರಿಂದ ಅವರ ಮೇಲೆ ನಾವು ಹೊಡೆದ್ರೂ ನಮ್ಗೆ ಆ ಕಾಟ ಇರ್ಲಿಲ್ಲ. ಜಂಪ್ ಜಂಪ್ ಜಂಪ್ ಅಂದೆ.

ಮೊದಲ 10 ಸೆಕೆಂಡ್ ನಾನು ಬಾಯೇ ಬಿಡ್ಲಿಲ್ಲ. ಹೊಸಬರು ಇಲ್ಲೇ ಎಡವೋದು, ಸ್ಕ್ರೀನ್ ಲೋಡ್ ಆಗೋ ಮುಂಚೆ ಮಾತು ಶುರು. ಕ್ಯಾಮರಾ ಪೂರ್ತಿ ಹಿಂದಕ್ಕೆ ಎಳೆದು ಎಣಿಸಿದೆ: ವೆಕ್ಸರ್ 8, ಎಕ್ಸೆಕ್ಯೂರರ್ 2, ಉಳಿದಿದ್ದು ಸಣ್ಣಪುಟ್ಟ ಫ್ರಿಗೇಟ್. ವೆಕ್ಸರ್ ಅಂದ್ರೆ ಡ್ರೋನ್, ಹತ್ರ ಬಂದ್ರೆ ಅರೆದು ಹಾಕುತ್ತೆ, ದೂರ ಇದ್ರೆ ಡ್ರೋನ್ ಬಂದು ಸೇರೋಕೆ ಹೊತ್ತು ಬೇಕು. ಎಕ್ಸೆಕ್ಯೂರರ್ ಅಂದ್ರೆ ಲಾಜಿ, ಅದು ಎರಡೇ.

ತಲೇಲಿ ಮೂರು ಪ್ರಶ್ನೆ, ಯಾವಾಗ್ಲೂ ಇದೇ ಮೂರು. ದೂರ ಎಷ್ಟಿರ್ಬೇಕು ಅಂತ ತೀರ್ಮಾನ ಮಾಡೋದು ನಾವಾ ಅವ್ರಾ? ಅವರ ಲಾಜಿ ತುಂಬೋಕಿಂತ ಬೇಗ ನಾವು ಒಡೀಬಹುದಾ? ಕೆಟ್ರೆ ಹೊರಗೆ ಹೋಗೋ ದಾರಿ ಯಾವ್ದು? ಮೊದಲೆರಡಕ್ಕೆ ಹೌದು ಬಂತು. ಮೂರನೇದಕ್ಕೆ ಗೇಟಿಗೆ ಉಲ್ಟಾ ದಿಕ್ಕಿನಲ್ಲಿ ಒಂದು ಪ್ಲಾನೆಟ್ ಇತ್ತು. ಮೂರರಲ್ಲಿ ಒಂದಕ್ಕೆ ಇಲ್ಲ ಅಂತ ಬಂದಿದ್ರೂ ನಾನು ಗೇಟ್‌ಗೆ ವಾಪಸ್ ಓಡಿಸ್ತಿದ್ದೆ, ಒಂದೂ ಗುಂಡು ಹಾರಿಸ್ದೆ. ಅದರಲ್ಲಿ ನಾಚಿಕೆ ಏನಿಲ್ಲ.

25ನೇ ಸೆಕೆಂಡ್. "ಕಾಮ್ಸ್. ಹೊಡೀತೀವಿ. ಆ್ಯಂಕರ್ ನಾನು. ಅಲೈನ್ ಪ್ಲಾನೆಟ್ ಐದು, ನಾನು ಹೇಳಿದಾಗ." ಆ್ಯಂಕರ್ ಅಂದ್ರೆ ಎಲ್ಲರೂ ಹಿಂಬಾಲಿಸೋ ಶಿಪ್ಪು. ಜನ ಕ್ಲೋಕ್‌ನಲ್ಲೇ, ಅಂದ್ರೆ ಯಾರಿಗೂ ಕಾಣದಂಗೆ, ಕೂತು ಕೇಳಿಸ್ಕೊಂಡ್ರು. 35ಕ್ಕೆ "ಅಲೈನ್" ಅಂದೆ, 16 ಶಿಪ್ಪೂ ಒಟ್ಟಿಗೆ ಕಾಣಿಸ್ಕೊಂಡು ಒಟ್ಟಿಗೆ ಹೊರಟ್ವು. ಒಬ್ಬ ಐದು ಸೆಕೆಂಡ್ ಮುಂಚೆ ಅಲ್ಲಾಡಿದ್ರೆ ಎಲ್ಲ ಡ್ರೋನೂ ಅವನ ಮೇಲೇ ಬೀಳ್ತಿತ್ತು. ವೆಕ್ಸರ್‌ಗಳು ನಮ್ಮ ಹಿಂದೆ ಓಡಿ ಬಂದ್ವು, ಎಕ್ಸೆಕ್ಯೂರರ್ ಎರಡೂ ಹಿಂದೆ ಬಿದ್ವು. ಮುಂದೆ ಓಡಿ ಬಂದ ವೆಕ್ಸರ್ ಲಾಜಿ ರೇಂಜ್ ದಾಟಿದ ತಕ್ಷಣ ಅದರ ಹೆಸರು ಕೂಗಿದೆ. 4 ವೆಕ್ಸರ್ ಹಿಂಗೇ ಹೋದ್ವು, ಸಾಲಾಗಿ, ನೊಣ ಬಂದು ಬೆಲ್ಲಕ್ಕೆ ಅಂಟಿಕೊಂಡಂಗೆ.

ಆಮೇಲೆ ಏನಾಯ್ತು ಅನ್ನೋದು ಹಂತ 6ರಲ್ಲಿದೆ. ಖುಷಿ ವಿಷ್ಯ ಅಲ್ಲ.

ಹಂತ 5: ಹೊಡೆದಾಟದ ಒಳಗೆ

ಆ್ಯಂಕರ್ ಅಂದ್ರೆ ಎಲ್ಲರೂ ಒಬ್ಬನ ಹಿಂದೆ ಅಂಟಿಕೊಂಡು ಹಾರೋದು. ಆ ಒಬ್ಬನ ಮೇಲೆ "ಕೀಪ್ ಅಟ್ ರೇಂಜ್" ಒಂದು ಕಿಮೀ ಹಾಕಿದ್ರೆ ಇಡೀ ಫ್ಲೀಟು ಒಂದೇ ಶಿಪ್ಪಿನ ಥರ ತಿರುಗುತ್ತೆ. ಹಂಗಾಗಿ ಎಫ್‌ಸಿ ಕೈಲಿರೋದು ಒಂದೇ ಸ್ಟೀರಿಂಗು. ಹೊಸ ಎಫ್‌ಸಿ ಆ್ಯಂಕರ್ ಕೆಲಸ ಬೇರೆಯವರಿಗೆ ಕೊಟ್ರೆ ತಲೆ ಹಗುರ ಆಗುತ್ತೆ. ನಾನು ನಾನೇ ಇಟ್ಕೊಳ್ತೀನಿ, ಅದು ನನ್ನ ಚಟ. ಆ್ಯಂಕರ್ ಸತ್ರೆ ಮುಂದಿನವನು ಯಾರು ಅಂತಲೂ ಹೇಳಿರ್ಬೇಕು, ಇಲ್ದಿದ್ರೆ ಎಲ್ಲರೂ ಖಾಲಿ ಜಾಗದಲ್ಲಿ ನಿಂತುಬಿಡ್ತಾರೆ.

ಟಾರ್ಗೆಟ್ ಕರೆಯೋದು. "ಆ ದೊಡ್ಡದನ್ನ ಹೊಡೀರಿ" ಬೇಡ. ಪೈಲಟ್ ಹೆಸರಿನ ಮೊದಲ ಮೂರ‍್ನಾಲ್ಕು ಅಕ್ಷರ, ಶಿಪ್ ಹೆಸರು, ಜೊತೆಗೆ ಟಾರ್ಗೆಟ್ ಬ್ರಾಡ್‌ಕಾಸ್ಟ್ ಮಾಡಿ (ಬಟನ್ ಒತ್ತಿ ಫ್ಲೀಟಿನ ಲಿಸ್ಟ್‌ಗೆ ಕಳಿಸಿ), ಜನ ಆ ಲಿಸ್ಟ್‌ನಿಂದ್ಲೇ ಲಾಕ್ ಮಾಡ್ತಾರೆ. ಪ್ರೈಮರಿ (ಈಗ ಹೊಡೆಯೋದು) ಹೇಳಿದ ತಕ್ಷಣ ಸೆಕೆಂಡರಿನೂ (ಅದರ ನಂತರದ್ದು) ಹೇಳಿ, ಲಾಕ್ ಆಗೋಕೆ ಸಮಯ ಬೇಕು. ಮಿಸೈಲ್ ಫ್ಲೀಟಲ್ಲಂತೂ ಇದು ತುಂಬಾ ಮುಖ್ಯ. ಗನ್ ಗುಂಡು ಒತ್ತಿದ ಕೂಡ್ಲೇ ಬೀಳುತ್ತೆ, ಮಿಸೈಲ್ ಹಾರಿ ಹೋಗ್ಬೇಕು. ಪ್ರೈಮರಿ ಸತ್ತ ಮೇಲೆ ಮುಂದಿನ ಹೆಸರು ಹೇಳಿದ್ರೆ ದಾರಿಲಿರೋ ಮಿಸೈಲ್ ಎಲ್ಲ ದಂಡ. ಪ್ರೈಮರಿ ಇನ್ನೇನು ಸಾಯ್ತಾನೆ ಅನ್ನೋವಾಗ್ಲೇ ಮುಂದಿನದಕ್ಕೆ ತಿರುಗಿಸಿ.

ಯಾವನನ್ನ ಮೊದಲು ಹೊಡೀಬೇಕು? ಲಾಜಿನ ಮೊದಲು ಹೊಡಿ ಅಂತ ಎಲ್ಲ ಕಡೆ ಹೇಳ್ತಾರೆ, ಅದು ಅರ್ಧ ಸತ್ಯ. ಲಾಜಿಗಳು ಒಬ್ಬರನ್ನೊಬ್ಬರು ಕಾಪಾಡ್ಕೊಳ್ತಾರೆ, ದೂರ ನಿಂತಿರ್ತಾರೆ. ಗುಂಪಿನಿಂದ ಹೊರಗೆ ಓಡಿ ಬಂದ ದುರಾಸೆಯವನು ಸುಲಭದ ತುತ್ತು. ಯಾರನ್ನೂ ಒಡೆಯೋಕಾಗ್ತಿಲ್ಲ ಅಂದ್ರೆ ಒಂದು ಉಪಾಯ: ಒಬ್ಬನ ಮೇಲೆ ಬಿದ್ದು ಅವನ ಶೀಲ್ಡ್ ಇಳಿಸಿ, ಲಾಜಿಗಳೆಲ್ಲ ಅವನನ್ನ ತುಂಬೋಕೆ ಶುರು ಮಾಡಿದ ತಕ್ಷಣ ಮುಂಚೇನೇ ಲಾಕ್ ಮಾಡಿಟ್ಟ ಎರಡನೆಯವನ ಮೇಲೆ ತಿರುಗಿ. ಅವನು ಬ್ರಾಡ್‌ಕಾಸ್ಟ್ ಮಾಡಿ, ಲಾಜಿ ಅವನನ್ನ ಲಾಕ್ ಮಾಡಿ, ಶೀಲ್ಡ್ ಬಂದು ತಲುಪೋ ಒಳಗೆ ಕೆಲವು ಸೆಕೆಂಡ್ ಹೋಗಿರುತ್ತೆ. ಆ ಸೆಕೆಂಡುಗಳೇ ನಿಮ್ಮ ಆದಾಯ.

ಇದೇ ತಂತ್ರ ನಿಮ್ಮ ಮೇಲೂ ಬರುತ್ತೆ, ಅದಕ್ಕೆ ನಿಮ್ಮ ಜನಕ್ಕೆ ಒಂದು ಪಾಠ ಬೇಕು. ಶೀಲ್ಡ್ ಅರ್ಧ ಆದ್ಮೇಲೆ ಬ್ರಾಡ್‌ಕಾಸ್ಟ್ ಮಾಡಿದ್ರೆ ತಡ ಆಯ್ತು. ಶತ್ರುಗಳು ಲಾಕ್ ಮಾಡೋಕೆ ಶುರು ಮಾಡಿದ್ರೆ ಓವರ್‌ವ್ಯೂನಲ್ಲಿ (ಸುತ್ತ ಇರೋ ಶಿಪ್‌ಗಳ ಪಟ್ಟಿಲಿ) ಹಳದಿ ಬಾಕ್ಸ್ ಕಾಣುತ್ತೆ, ಒಟ್ಟಿಗೆ ಹತ್ತು ಹಳದಿ ಬಾಕ್ಸ್ ಬಂದ್ವು ಅಂದ್ರೆ ಮುಂದಿನ ಸರದಿ ನಿಮ್ದೇ, ಆಗ್ಲೇ ಒತ್ತಿ. ಶೀಲ್ಡ್ ಲಾಜಿ ಸೈಕಲ್ ಶುರುವಾದ ತಕ್ಷಣ ತುಂಬುತ್ತೆ, ಆರ್ಮರ್ ಲಾಜಿ ಸೈಕಲ್ ಮುಗಿದಾಗ ತುಂಬುತ್ತೆ. ಹಂಗಾಗಿ ಆರ್ಮರ್ ಫ್ಲೀಟಲ್ಲಿ ಇನ್ನೂ ಮುಂಚೆ ಕೂಗ್ಬೇಕು.

ಎಫ್‌ಸಿ ಸ್ವಂತ ಗನ್ ಮರೆತುಬಿಟ್ರೂ ಪರವಾಗಿಲ್ಲ. ನಿಮ್ಮ ಕಣ್ಣು ದೂರದ ಮೇಲಿರ್ಲಿ. ಶಿಪ್ಪು ವಾರ್ಪ್ ಆಗದಂಗೆ ಹಿಡಿಯೋ ಸಾಮಾನು ಎರಡು, ಟಿ2 (ಮೇಲ್ದರ್ಜೆಯ) ಡಿಸ್‌ರಪ್ಟರ್ 24 ಕಿಮೀ, ಟಿ2 ಸ್ಕ್ರ್ಯಾಮ್ 9 ಕಿಮೀ ಮುಟ್ಟುತ್ತೆ. ಸ್ಕ್ರ್ಯಾಮ್ ಬಿದ್ರೆ ಸ್ಪೀಡ್ ಕೊಡೋ ಎಂಡಬ್ಲ್ಯುಡಿನೂ ಆಫ್ ಆಗುತ್ತೆ, ನಿಮ್ಮ ಕ್ಯಾರಕಲ್ ಎತ್ತಿನಗಾಡಿ ಆಗುತ್ತೆ. ಕ್ಯಾರಕಲ್ ಫ್ಲೀಟು 40 ಕಿಮೀ ಆಚೆ ಇದ್ದಷ್ಟು ಹೊತ್ತು ರಾಜ, 20ರ ಒಳಗೆ ಬಂದ್ರೆ ಊಟ. ನಲ್‌ಸೆಕ್‌ಗೆ (ಕಾನೂನೇ ಇಲ್ಲದ ಜಾಗಕ್ಕೆ) ಹೋದ್ರೆ ಇದರ ಜೊತೆ ಬಬಲ್ ಸೇರುತ್ತೆ, ಇಂಟರ್‌ಡಿಕ್ಟರ್ ಅನ್ನೋ ಶಿಪ್ಪು ಬಿಟ್ಟ ಬಬಲ್ 20 ಕಿಮೀ ಸುತ್ತ ಎರಡು ನಿಮಿಷ ಯಾರನ್ನೂ ವಾರ್ಪ್ ಆಗೋಕೆ ಬಿಡಲ್ಲ. ಮೊದಲ ಕೆಲವು ರೋಮ್ ಲೋಸೆಕ್‌ನಲ್ಲೇ ಮಾಡಿ, ಅಲ್ಲಿ ಬಬಲ್ ಇಲ್ಲ.

ಹಂತ 6: ಎದ್ದು ಬರೋದು

ಹಂತ 4ರ ಜಗಳ ನೆನಪಿದ್ಯಲ್ಲ. 4 ವೆಕ್ಸರ್ ಹೊಡೆದಿದ್ವಿ, ನಮ್ದು ಒಂದೂ ಹೋಗಿರ್ಲಿಲ್ಲ, ಡಿಸ್ಕಾರ್ಡ್‌ನಲ್ಲಿ ಹಬ್ಬ. ಅವರ ಉಳಿದ ಶಿಪ್‌ಗಳು ಹಿಂದಕ್ಕೆ ಸರಿತಾ ಇದ್ವು. ಅಷ್ಟೊತ್ತಿಗೆ ನಮ್ಮ ಲಾಂಚರ್ ಖಾಲಿ, 35 ಸೆಕೆಂಡ್ ರೀಲೋಡ್. ಅದೇ ಹೊತ್ತಲ್ಲಿ ಸ್ಕೌಟ್ "ಲೋಕಲ್ 40 ಆಯ್ತು" ಅಂದ. ಸೋಲ್ತಿರೋರು ಓಡಿ ಹೋಗ್ದೆ ನಿಧಾನಕ್ಕೆ ಸುತ್ತಾಡ್ತಾ ನಿಂತಿದಾರೆ ಅಂದ್ರೆ ಅವರ ಸ್ನೇಹಿತರು ಬರ್ತಾ ಇದಾರೆ ಅಂತ ಅರ್ಥ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ "ಎಕ್ಸೆಕ್ಯೂರರ್ ಒಂದು ಹೊಡೆದು ಹೋಗೋಣ" ಅಂದೆ. ಅತಿ ಆಸೆ ಗತಿ ಕೇಡು. 20 ಕ್ರೂಸರ್ ನಮ್ಮ ಮೇಲೇ ಬಂದು ಇಳಿದ್ವು, 6 ಕ್ಯಾರಕಲ್ 1 ಆಸ್ಪ್ರೇ ಹೋಯ್ತು. ಆ ಆಸ್ಪ್ರೇ ಧಾರವಾಡದ ಹಿರಿಯರದ್ದು.

ಆದ್ರಿಂದ ಹೊರಗೆ ಹೋಗೋ ಗಡಿಯನ್ನ ಜಗಳ ಶುರುವಾಗೋ ಮುಂಚೆ ಹಾಕ್ಕೊಳ್ಳಿ. ಲೋಕಲ್ ಇಷ್ಟಾದ್ರೆ, ನಮ್ಮ ಲಾಜಿ ಎರಡು ಹೋದ್ರೆ, ರೀಲೋಡ್ ಬಂದ್ರೆ, ಹೊರಗೆ. ಬ್ಯಾಕಪ್ ಎಫ್‌ಸಿಗೂ ಈ ಗಡಿ ಹೇಳಿ, ಗೆಲ್ತಾ ಇರೋವಾಗ ನಿಮ್ಮ ಬುದ್ಧಿ ನಿಮ್ಮ ಮಾತು ಕೇಳಲ್ಲ, ಅವನು ನೆನಪಿಸ್ಬೇಕು.

ಯಾವಾಗ್ಲೂ ಯಾವುದಾದ್ರೂ ಒಂದು ಕಡೆಗೆ ಅಲೈನ್ ಆಗೇ ಹೊಡೆದಾಡಿ. ವಾರ್ಪ್ ಹಿಡಿಯೋಕೆ ಶಿಪ್ಪು ಆ ದಿಕ್ಕಿಗೆ ಮುಖ ಮಾಡಿ ಪೂರ್ತಿ ಸ್ಪೀಡ್‌ನ 75% ಮುಟ್ಟಿರ್ಬೇಕು, ಅಲೈನ್ ಆಗಿದ್ರೆ ಒತ್ತಿದ ಕೂಡ್ಲೇ ಹೋಗುತ್ತೆ, ಇಲ್ಲಾಂದ್ರೆ ತಿರುಗೋದ್ರಲ್ಲೇ ಸಾಯುತ್ತೆ. ಯಾರಾದ್ರೂ ಸ್ಕ್ರ್ಯಾಮ್ ಆಗಿ ಸಿಕ್ಕಿಹಾಕ್ಕೊಂಡಿದ್ರೆ ಬಿಟ್ಟು ಬರ್ಬೇಕು. ಮೊದಲ ಸಲ ಹೊಟ್ಟೆ ಕಿವುಚುತ್ತೆ. ಒಬ್ಬನನ್ನ ಕಾಪಾಡೋಕೆ ಎಂಟು ಜನ ಉಳಿದ್ರೆ ಒಂಬತ್ತು ಜನಾನೂ ಹೋಗ್ತಾರೆ, ಇದನ್ನ ಅನ್‌ಡಾಕ್‌ಗೆ ಮುಂಚೇನೇ ಎಲ್ಲರಿಗೂ ಹೇಳಿಟ್ರೆ ಆ ಹೊತ್ತಲ್ಲಿ ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಸಿಕ್ಕಿಬಿದ್ದವನೇ "ನೀವ್ ಹೋಗಿ ಗುರು" ಅಂತಾನೆ.

ಬಿಟ್ಟು ಬರೋಕಾಗ್ದೆ ದೊಡ್ಡೋರೂ ಸುಟ್ಟುಕೊಂಡಿದ್ದಾರೆ. 2014ರ ಜನವರಿ 27ರಂದು ಬಿ-ಆರ್5ಆರ್‌ಬಿ ಅನ್ನೋ ಸಿಸ್ಟಮ್‌ನಲ್ಲಿ ಒಂದು ಪಕ್ಷ ತನ್ನ ಒಡೆತನ ಉಳಿಸ್ಕೊಳ್ಳೋ ಬಿಲ್ ಕಟ್ಟದೆ ಹೋಗಿ ಜಾಗ ಕೈ ತಪ್ತು, ಅಲ್ಲಿಂದ ಶುರುವಾದ ಜಗಳ ಸುಮಾರು 21 ಗಂಟೆ ನಡೀತು, 75 ಟೈಟನ್ ಹೋದ್ವು. ಅಷ್ಟು ಜನ ಸೇರಿದಾಗ ಸರ್ವರ್ ಉಸಿರು ಕಟ್ಟದೇ ಇರ್ಲಿ ಅಂತ ಆಟದ ಸಮಯವನ್ನೇ ನಿಧಾನ ಮಾಡ್ತಾರೆ, ಟೈ-ಡೈ ಅಂತಾರೆ, 10%ವರೆಗೂ ಇಳಿಯುತ್ತೆ. ಒಂದು ಸೆಕೆಂಡಿನ ಕೆಲಸಕ್ಕೆ ಹತ್ತು ಸೆಕೆಂಡ್. ನಮ್ಮ 16 ಜನರ ಜಗಳದಲ್ಲಿ ಅಷ್ಟು ಯೋಚಿಸೋ ಪುರುಸೊತ್ತು ಯಾರೂ ಕೊಡಲ್ಲ.

ಹಂತ 7: ಡಾಕ್ ಆದ್ಮೇಲೆ

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತ ಅಜ್ಜಿ ಹೇಳ್ತಿದ್ರು, ಎಫ್‌ಸಿಗೆ ಆ ಲೇಟಾದ ಒಲೆನೂ ಉಪಯೋಗಕ್ಕೆ ಬರುತ್ತೆ. ಜಗಳ ರೆಕಾರ್ಡ್ ಮಾಡಿ, ಧ್ವನಿ ಸಮೇತ. ಮಾರನೇ ದಿನ ಕೇಳಿಸ್ಕೊಂಡ್ರೆ ನಿಮ್ಮ ಮಾತಲ್ಲಿ ಎಷ್ಟು "ಅಂದ್ರೆ", "ಅದು", "ಒಂದ್ ನಿಮಿಷ" ಇದೆ ಅಂತ ಗೊತ್ತಾಗುತ್ತೆ, ನಾಚಿಕೆ ಆಗುತ್ತೆ, ಒಳ್ಳೇದೇ. ಜ಼ೆಡ್‌ಕಿಲ್‌ಬೋರ್ಡ್ ಅನ್ನೋ ಸೈಟ್‌ನಲ್ಲಿ ಯಾರು ಯಾವ ಹೊತ್ತಿಗೆ ಸತ್ರು ಅಂತ ನೋಡಿ, ರೆಕಾರ್ಡಿಂಗ್ ಜೊತೆ ಹೋಲಿಸಿ.

ಎಲ್ಲರ ಮುಂದೆ ಯಾರನ್ನೂ ಬೈಬೇಡಿ. ಹೊಸ ಹುಡುಗ ಒಂದ್ ಸಲ ಬೈಸ್ಕೊಂಡ್ರೆ ಮುಂದಿನ ವಾರ ಬರಲ್ಲ, ಬಂದ್ರೂ ಸ್ಕೌಟಾಗಿ ಸುಳ್ಳು ಹೇಳ್ತಾನೆ, ತಪ್ಪು ಮುಚ್ಚೋಕೆ. ಸ್ಕೌಟ್ ಸುಳ್ಳು ಹೇಳೋ ಫ್ಲೀಟ್ ನಡೆಸೋದಕ್ಕಿಂತ ಸುಮ್ನೆ ಗಣಿಗಾರಿಕೆ ಮಾಡೋದು ವಾಸಿ. ನಿಮ್ಮ ತಪ್ಪನ್ನ ಮಾತ್ರ ಎಲ್ಲರ ಮುಂದೆ ಮೊದಲು ಹೇಳಿ. ಆಸ್ಪ್ರೇ ಹೋದ ದಿನ ನಾನು ಅದನ್ನೇ ಮಾಡಿದೆ, ಹೊಸ ಆಸ್ಪ್ರೇಗೆ ಕಾಸೂ ಕಳಿಸ್ದೆ. ಹಿರಿಯರು ಕಾಸು ವಾಪಸ್ ಕಳಿಸಿ "ಮುಂದಿನ ಸಲ ರೀಲೋಡ್ ಬಂದಾಗ ನಾನೇ ಒದರ್ತೀನಿ" ಅಂದ್ರು. ಈಗ ನಮ್ಮ ಬ್ಯಾಕಪ್ ಎಫ್‌ಸಿ ಅವರೇ.

ಎಲ್ಲಿಂದ ಶುರು ಮಾಡೋದು

ನಿಮ್ಗೆ ಗುಂಪೇ ಇಲ್ಲ ಅಂದ್ರೆ ಮೊದಲು ಬೇರೆಯವರ ಫ್ಲೀಟಲ್ಲಿ ಹೋಗಿ ಕೂತು ಕಿವಿಗೊಡಿ. ಹೊಸಬರಿಗೆ ಪಾಠ ಮಾಡೋಕೆ ಅಂತಲೇ ಈವ್ ಯೂನಿವರ್ಸಿಟಿ ಅನ್ನೋ ಆಟಗಾರರ ಸಂಸ್ಥೆ ಇದೆ. ಎನ್‌ಪಿಎಸ್‌ಐ (ನಾಟ್ ಪರ್ಪಲ್, ಶೂಟ್ ಇಟ್) ಫ್ಲೀಟ್‌ಗಳೂ ಇವೆ, ಫ್ಲೀಟಲ್ಲಿರೋರು ಪರ್ಪಲ್ ಬಣ್ಣದಲ್ಲಿ ಕಾಣ್ತಾರೆ, ಪರ್ಪಲ್ ಅಲ್ಲದೋರಿಗೆಲ್ಲ ಹೊಡಿ ಅನ್ನೋದೇ ಕಾನೂನು, ಯಾರು ಬೇಕಾದ್ರೂ ಸೇರ್ಬಹುದು. ಅಲ್ಲಿ ಎಫ್‌ಸಿ ಏನು ಹೇಳ್ತಾನೆ ಅನ್ನೋಕಿಂತ ಯಾವಾಗ ಸುಮ್ನಿರ್ತಾನೆ ಅಂತ ಗಮನಿಸಿ.

ಒಂದು ತಿಂಗಳು ಆದ್ಮೇಲೆ 8–10 ಜನರನ್ನ ಸೇರಿಸಿ ಫ್ರಿಗೇಟ್‌ನಲ್ಲಿ ಹೊರಡಿ, ಎಲ್ಲ ಒಡೆದು ಬರ್ತೀವಿ ಅಂತ ಮುಂಚೇನೇ ಹೇಳಿಬಿಡಿ, ಯಾರಿಗೂ ನಷ್ಟ ಅನ್ಸಲ್ಲ. ಮೊದಲ ದಿನ ಧ್ವನಿ ನಡುಗುತ್ತೆ. ಪಕ್ಕದಲ್ಲಿ ನೀರಿಟ್ಕೊಳ್ಳಿ, ಚೀಟಿ ಅಂಟಿಸಿದ್ದೀರಾ ನೋಡಿ, ಯುಪಿಎಸ್ ಬ್ಯಾಟರಿ ಒಂದ್ ಸಲ ಚೆಕ್ ಮಾಡಿ.